ಮೂರೂ ನೆಗೆಟಿವ್

ಲೆಕ್ಕದ ಮೇಡಂ ಜೀವಮಾನದಲ್ಲಿ ಫೇಲಾದದ್ದು ಒಂದೇ ಪರೀಕ್ಷೆಯಲ್ಲಿ. ಅದೂ ಅರವತ್ತರ ಹೊಸ್ತಿಲಲ್ಲಿ, ಅದೂ ವಾರಗಿತ್ತಿಯ ಕಣ್ಣೆದುರಿಗೆ.

ಅದಕ್ಕೆ ಮುಂಚೆ ಅವರು ಯಾವುದರಲ್ಲೂ ಎರಡನೆಯವರಾದವರಲ್ಲ. ಓದುವಾಗ ತರಗತಿಗೇ ಮೊದಲಿಗರು, ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಕೂತವರಲ್ಲೆಲ್ಲ ಕಿರಿಯರು. ನಿವೃತ್ತರಾದ ಮೇಲೂ ನೀರಿನ ತೊಟ್ಟಿ ಎಷ್ಟು ಹಿಡಿಯುತ್ತದೆ, ಕೋಣೆಗೆ ಎಷ್ಟು ಬಣ್ಣ ಬೇಕಾಗುತ್ತದೆ ಎಂದು ಬೀದಿಯವರು ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಅವರು ಹೇಳಿದ್ದು ತಪ್ಪಾದರೆ ತೊಟ್ಟಿಯದೇ ತಪ್ಪು ಎನ್ನುವಷ್ಟು ಹೆಸರಿತ್ತು.

ಗಂಡ ಮತ್ತು ಮೈದುನ ಸೇರಿ ಒಂದು ಕನ್ನಡಕದ ಅಂಗಡಿ ನಡೆಸುತ್ತಿದ್ದರು. ಅಣ್ಣ ಕಣ್ಣು ನೋಡುವುದು, ತಮ್ಮ ಗಾಜು ಉಜ್ಜುವುದು. ಅಣ್ಣತಮ್ಮಂದಿರಲ್ಲಿ ಒಂದು ದಿನವೂ ಮಾತಿಗೆ ಮಾತು ಬೆಳೆದದ್ದಿಲ್ಲ. ಇದನ್ನು ಮಾತ್ರ ಅವರ ಹೆಂಡತಿಯರು ಇಬ್ಬರೂ ಕ್ಷಮಿಸಿರಲಿಲ್ಲ. ಮನೆ ಒಂದೇ: ಕೆಳಗೆ ಲೆಕ್ಕದ ಮೇಡಂ, ಮಹಡಿಯ ಮೇಲೆ ವಾರಗಿತ್ತಿ. ವಾರಗಿತ್ತಿ ಬಟ್ಟೆ ಹೊಲಿಯುವವಳು. ಬೀದಿಯ ತುದಿಯಲ್ಲಿ ಅವಳ ಅಂಗಡಿ. ಬಹಳ ಹಿಂದೆ, ಮೇಡಂ ಅಧಿಕಾರದಲ್ಲಿದ್ದಾಗ, ಶಾಲೆಯ ಮಕ್ಕಳ ಸಮವಸ್ತ್ರವನ್ನೆಲ್ಲ ಅವಳಿಗೇ ಹೊಲಿಯಲು ಕೊಡಿಸಿ, ಹೊಲಿದು ತಂದಾಗ ಜೇಬು ಅರ್ಧ ಇಂಚು ಕೆಳಗಿದೆ ಎಂದು ಇಡೀ ಮೂಟೆಯನ್ನು ವಾಪಸು ಕಳಿಸಿದ್ದರು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಹೇಳಲೇಬೇಕಾದದ್ದು ಏನಿದ್ದರೂ ಗಂಡಂದಿರ ಮೂಲಕ. "ಮೇಲಿನವರಿಗೆ ಹೇಳಿ, ರಾತ್ರಿ ಹೊಲಿಗೆ ಮಿಷನ್ ಓಡಿಸೋದು ಬೇಡ ಅಂತ" ಎಂದು ಇವರು ಹೇಳಿದರೆ, ಗಂಡ ಮೆಟ್ಟಿಲ ಮಧ್ಯದವರೆಗೆ ಹತ್ತಿ ಅದನ್ನು ಅರ್ಧದಷ್ಟು ಮೆತ್ತಗೆ ಮಾಡಿ ತಮ್ಮನಿಗೆ ಹೇಳುತ್ತಿದ್ದರು. ತಮ್ಮ ಉಳಿದರ್ಧವನ್ನೂ ಮೆತ್ತಗೆ ಮಾಡುವಷ್ಟರಲ್ಲಿ ಮಾತಿನಲ್ಲಿ ಏನೂ ಉಳಿಯುತ್ತಿರಲಿಲ್ಲ, ಮಿಷನ್ ಓಡುತ್ತಲೇ ಇರುತ್ತಿತ್ತು.

ಮೇಡಮ್ಮನವರಿಗೆ ಎಡ ಮೊಲೆಯಲ್ಲಿ ಗಡ್ಡೆ ಸಿಕ್ಕಿದ್ದು ಸ್ನಾನ ಮಾಡುವಾಗ. ಮುಚ್ಚಿಡುವ ಜಾತಿ ಅವರದಲ್ಲ. ಮರುದಿನವೇ ಆಸ್ಪತ್ರೆಗೆ ಹೋದರು. ಸೂಜಿ ಚುಚ್ಚಿ ಚೂರು ತೆಗೆದರು, ಅದು ಕ್ಯಾನ್ಸರ್ ಎಂದಾಯಿತು. ಕಂಕುಳಿನ ಗಂಟಿಗೂ ತಾಗಿದೆ ಎಂದರು. ಆಮೇಲೆ ಇನ್ನೊಂದು ರಿಪೋರ್ಟು ಬಂತು. ಗಂಡ ಅದನ್ನು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಓದಿ, "ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಅಂತಿದೆ" ಎಂದು ಹೇಳಿ ಕುರ್ಚಿಯಲ್ಲಿ ಕುಸಿದರು. ಕ್ಯಾನ್ಸರ್ ಎಂದಾಗ ತಡೆದುಕೊಂಡಿದ್ದ ಮನುಷ್ಯ ಪಾಸಿಟಿವ್ ಎಂದಾಗ ಅತ್ತುಬಿಟ್ಟರು. ಆಸ್ಪತ್ರೆಯ ಕಾಗದದಲ್ಲಿ ಆ ಪದ ಯಾರಿಗಾದರೂ ಒಳ್ಳೆಯದು ಮಾಡಿದ್ದನ್ನು ಅವರು ಕಂಡಿರಲಿಲ್ಲ.

ಮೇಡಂ ಅಳಲಿಲ್ಲ. ಅಪ್ಪಣೆ ಹೊರಡಿಸಿದರು. ಮನೆತನದ ಹೆಂಗಸರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು. ನಾದಿನಿ, ನಾದಿನಿಯ ಮಗಳು, ಮೇಲಿನವಳು, ಯಾರಿಗೂ ವಿನಾಯಿತಿ ಇಲ್ಲ. ಮಾತು ಮೆಟ್ಟಿಲು ಹತ್ತಿತು. ಅದಕ್ಕೆ ಮಹಡಿಯಿಂದ ಉತ್ತರ ಗಂಡಂದಿರ ನೆರವಿಲ್ಲದೆ ನೇರವಾಗಿಯೇ ಕೇಳಿಸಿತು: "ಹೋಗ್ತೀನಿ ಅಂತ ಹೇಳಿ. ನನಗೇನೂ ಇಲ್ಲ ಅಂತ ಸೀಲು ಹೊಡೆಸ್ಕೊಂಡು ಬಂದು ಅವರ ಬಾಗಿಲಿಗೇ ಅಂಟಿಸ್ತೀನಿ."

ಸೀಲು ಸಿಗಲಿಲ್ಲ. ಅವಳಿಗೂ ಗಡ್ಡೆ ಇತ್ತು, ಕೋಟಿನ ದೊಡ್ಡ ಗುಂಡಿಯಷ್ಟು.

ಡಾಕ್ಟರಮ್ಮ ಇಬ್ಬರನ್ನೂ ನೋಡಿ ಹುಬ್ಬು ಗಂಟಿಕ್ಕಿ, "ರಕ್ತಸಂಬಂಧಾನಾ?" ಎಂದು ಕೇಳಿದರು.

"ಇಲ್ಲಪ್ಪ," ಎಂದರು ಮೇಡಂ, ಅವಸರದಲ್ಲಿ. "ಒಂದೇ ಮನೆಗೆ ಸೊಸೆಯಾಗಿ ಬಂದವರು, ಅಷ್ಟೇ."

"ಹಾಗಾದ್ರೆ ಇದು ಬರೀ ಕಾಕತಾಳೀಯ," ಎಂದು ಡಾಕ್ಟರಮ್ಮ ಸಮಾಧಾನಪಟ್ಟರು. ಆ ಸಮಾಧಾನ ಬೇರೆ ಯಾರಿಗೂ ಆದಂತೆ ಕಾಣಲಿಲ್ಲ.

ವಾರಗಿತ್ತಿಯ ರಿಪೋರ್ಟಿನಲ್ಲಿ, ಗಡ್ಡೆಯಲ್ಲಿ ಹುಡುಕುವ ಮೂರು ಬಗೆಯ ರಿಸೆಪ್ಟರ್‌ಗಳೂ ಇಲ್ಲವೆಂದು, ಮೂರೂ ನೆಗೆಟಿವ್ ಎಂದಿತ್ತು. ಮೈದುನ ಆ ಕಾಗದ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಹತ್ತಿದ. ಮೇಲೆ ನಗು ಕೇಳಿಸಿತು. ಕೆಳಗೆ ಮೇಡಂ ಹಸಿ ತರಕಾರಿ ಹೆಚ್ಚುತ್ತಾ, ಇದರಲ್ಲೂ ಅವಳು ಸುಲಭದಲ್ಲಿ ಪಾರಾದಳಲ್ಲ ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ತಮ್ಮ ಮೇಲೆಯೇ ಬೇಸರವಾಯಿತು. ಬೇಸರ ಬಂದರೂ ಹೊಟ್ಟೆಯುರಿ ಹೋಗಲಿಲ್ಲ.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಆ ನಗುವನ್ನು ನಿಲ್ಲಿಸಿದರು. ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: "ಗಡ್ಡೆಯ ಕಣಗಳ ಮೇಲೆ ಹಾರ್ಮೋನು ಹಿಡಿದುಕೊಳ್ಳೋಕೆ ಬಾಯಿ ಥರ ಇರುತ್ತೆ, ಅದಕ್ಕೇ ರಿಸೆಪ್ಟರ್ ಅನ್ನೋದು. ಮೇಡಂ ಗಡ್ಡೆಗೆ ಆ ಬಾಯಿ ಇದೆ, ಹಾರ್ಮೋನು ತಿಂದು ಬೆಳೀತಿದೆ. ಇದ್ದರೆ ಒಳ್ಳೇದೇ. ಊಟ ನಿಲ್ಲಿಸಿದರೆ ಸೊರಗುತ್ತೆ, ಅದಕ್ಕೆ ಮಾತ್ರೆ ಇದೆ. ಇವರದ್ದಕ್ಕೆ ಆ ಬಾಯೇ ಇಲ್ಲ. ಊಟ ನಿಲ್ಲಿಸ್ತೀವಿ ಅಂತ ಹೆದರಿಸೋಕಾಗಲ್ಲ. ಇರೋದೊಂದೇ ದಾರಿ, ಕೀಮೋ."

"ಮತ್ತೆ ನೆಗೆಟಿವ್ ಅಂದ್ರಲ್ಲ?" ಎಂದ ಮೈದುನ.

"ಇದರಲ್ಲಿ ನೆಗೆಟಿವ್ ಅಂದ್ರೆ ಸ್ವಲ್ಪ ಹಟಮಾರಿ ಅಂತ."

ಮೇಡಂ ಕತ್ತು ತಿರುಗಿಸಿ ವಾರಗಿತ್ತಿಯನ್ನು ನೋಡಿದರು. ವರ್ಷಗಳಿಂದ ತಾವು ಹೇಳುತ್ತಾ ಬಂದದ್ದನ್ನು ವಿಜ್ಞಾನ ಈಗ ಹೇಳುತ್ತಿದೆ ಎನ್ನಿಸಿತು. ಆದರೆ ಅವಳ ಮುಖ ಬಿಳಿಚಿಕೊಂಡಿದ್ದನ್ನು ಕಂಡು ಕಣ್ಣು ಬೇರೆ ಕಡೆ ಹೊರಳಿಸಿದರು.

ಮೇಡಮ್ಮನದು ಕಂಕುಳಿಗೂ ತಾಗಿದ್ದರಿಂದ ಮಾತ್ರೆಯೊಂದೇ ಸಾಲದೆಂದು, ಇಬ್ಬರಿಗೂ ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ತೀರ್ಮಾನವಾಯಿತು. ಅಂಗಡಿಗೆ ಎರಡು ಸಲ ಬೀಗ ಹಾಕುವುದು ಬೇಡವೆಂದು ಅಣ್ಣತಮ್ಮಂದಿರು ಒಂದೇ ದಿನ ಗೊತ್ತುಮಾಡಿಸಿಕೊಂಡರು. ಹೀಗೆ ಅಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಬದುಕಿದವರು ಅಕ್ಕಪಕ್ಕದ ಒರಗು ಕುರ್ಚಿಗಳಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ, ಕೈಗೆ ಡ್ರಿಪ್ ಹಾಕಿಸಿಕೊಂಡು ಕೂರುವಂತಾಯಿತು.

ಮೇಡಂ ಕೀಮೋವನ್ನು ಪರೀಕ್ಷೆಯ ಹಾಗೆಯೇ ತೆಗೆದುಕೊಂಡರು. ಇಷ್ಟು ನೀರು ಕುಡಿಯಿರಿ ಎಂದರೆ ಅಳೆದು ಕುಡಿದರು. ನಡೆಯಿರಿ ಎಂದರೆ ನಡೆದರು. ಕರಿದದ್ದು ಬೇಡ ಎಂದ ಮೇಲೆ ಅದರ ವಾಸನೆ ಬಂದರೂ ಕಿಟಕಿ ಮುಚ್ಚಿದರು. ವಾಂತಿಯ ಮಾತ್ರೆಯನ್ನು ವಾಂತಿ ಬರುವ ಮುಂಚೆಯೇ ನುಂಗಿದರು. ವಾರಗಿತ್ತಿ ಕುರ್ಚಿಯ ಪಕ್ಕಕ್ಕೆ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಇಟ್ಟುಕೊಂಡು ಕರಕರ ತಿನ್ನುತ್ತಾ, ಡ್ರಿಪ್ ಇದ್ದ ಕೈಯನ್ನೇ ಆಡಿಸುತ್ತಾ, ನರ್ಸಿನೊಂದಿಗೆ ಅವಳ ಸಮವಸ್ತ್ರದ ಹೊಲಿಗೆ ಸರಿಯಿಲ್ಲವೆಂದು ವಾದ ಮಾಡುತ್ತಿದ್ದಳು. ಮನೆಗೆ ಹೋಗಿ ಎರಡು ದಿನ ವಾಂತಿ ಮಾಡಿಕೊಂಡು ಬಿದ್ದಿರುತ್ತಿದ್ದಳು. ಮಾತ್ರೆ ತಗೊಂಡೆಯಾ ಎಂದರೆ ಮರೆತೆ ಎನ್ನುತ್ತಿದ್ದಳು.

ಒಂದು ದಿನ ಮೇಡಮ್ಮಿಗೆ ತಡೆಯಲಾಗಲಿಲ್ಲ. "ಸಿಸ್ಟರ್, ಆ ಕಡೆಯವರಿಗೆ ಹೇಳಿ, ಕೈ ಆಡಿಸಬೇಡಿ ಅಂತ. ಸೂಜಿ ಆಚೆ ಬರುತ್ತೆ."

"ನಾನ್ಯಾಕೆ ಹೇಳ್ಲಿ? ಅವರಿಗೆ ಕಿವಿ ಕೇಳಲ್ವಾ?" ಎಂದಳು ನರ್ಸು. ಪಾಪ, ಅವಳಿಗೆ ಈ ಮನೆಯ ಪದ್ಧತಿ ಗೊತ್ತಿರಲಿಲ್ಲ.

ವಾರಗಿತ್ತಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಸೂಜಿ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಕ್ಕ."

ಅಕ್ಕ ಎಂದದ್ದು ಬಾಯಿತಪ್ಪಿ. ಆಡಿದ ಮೇಲೆ ವಾಪಸು ತೆಗೆದುಕೊಳ್ಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಿಪ್ಸಿನ ಪೊಟ್ಟಣ ಈ ಕಡೆಗೆ ಸರಿಯಿತು. ಮೇಡಂ ತಿನ್ನಲಿಲ್ಲ. ಆದರೆ ದೂರ ತಳ್ಳಲೂ ಇಲ್ಲ.

ಇಬ್ಬರ ತಲೆಗೂದಲೂ ಉದುರಿತು. ಬೋಳುತಲೆಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆಂದು ಮೈದುನ ಹೇಳಿ ಇಬ್ಬರಿಂದಲೂ ಬೈಸಿಕೊಂಡ. ಕೀಮೋದ ಅರ್ಧ ದಾರಿಯಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ವಾರಗಿತ್ತಿಯ ಗಡ್ಡೆ ಬಿಸಿನೀರಿಗೆ ಹಾಕಿದ ಸಕ್ಕರೆಯ ಹಾಗೆ ಕರಗುತ್ತಿತ್ತು. ಮೇಡಮ್ಮನದು ಕೂತಲ್ಲೇ ಕೂತಿತ್ತು. ಮೇಡಂ ನಡಿಗೆಯನ್ನು ಇಮ್ಮಡಿಗೊಳಿಸಿದರು.

ಆಪರೇಷನ್ ಆಯಿತು. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿ, ಕೆಲವು ದಿನಗಳ ಮೇಲೆ ನಾಲ್ವರನ್ನೂ ಕರೆದರು. ವಾರಗಿತ್ತಿಯದರಲ್ಲಿ ಹುಡುಕಿದರೂ ಒಂದು ಕ್ಯಾನ್ಸರ್ ಕಣ ಸಿಕ್ಕಿರಲಿಲ್ಲ. ಮೇಡಮ್ಮನದರಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಮುಕ್ಕಾಲು ಪಾಲು ಹಾಗೆಯೇ ಇತ್ತು.

ಮೈದುನ ಹೆಂಡತಿಯ ಕೈ ಹಿಡಿದುಕೊಂಡ, ಅಣ್ಣನ ಮುಖ ನೋಡಿ ಬಿಟ್ಟ. ಗಂಡ ನೆಲ ನೋಡುತ್ತಿದ್ದರು. ಮೇಡಂ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತು, "ನನಗೆ ಇನ್ನೊಂದು ಕೋರ್ಸು ಕೊಡಿ," ಎಂದರು.

"ಬೇಡ ಮೇಡಂ."

"ನಾನು ತಡ್ಕೊಳ್ತೀನಿ. ಎಲ್ಲದಕ್ಕೂ ಮರುಪರೀಕ್ಷೆ ಅಂತ ಒಂದಿರುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಫೇಲ್ ಆಗಿಲ್ಲ. ನಿಮ್ಮ ಥರದ ಗಡ್ಡೆ ನಿಧಾನವಾಗಿ ಬೆಳೆಯೋದು. ಕೀಮೋ ಹೊಡೆಯೋದು ಅವಸರದಲ್ಲಿ ಬೆಳೆಯೋ ಕಣಗಳನ್ನ. ಅದಕ್ಕೇ ರಿಸೆಪ್ಟರ್ ಇರೋರಲ್ಲಿ ಪೂರ್ತಿ ಕರಗೋದು ಅಪರೂಪ. ಕರಗದೆ ಉಳಿದರೂ ಮುಂದಕ್ಕೆ ಅದು ಅಷ್ಟು ಕೆಟ್ಟ ಸೂಚನೆ ಅಲ್ಲ. ಇದೇ ಇವರಿಗೆ ಉಳಿದಿದ್ದಿದ್ರೆ," ಎಂದು ವಾರಗಿತ್ತಿಯ ಕಡೆ ನೋಡಿ, "ನಾನು ಇಷ್ಟು ಆರಾಮಾಗಿ ಕೂತು ಮಾತಾಡ್ತಿರ್ಲಿಲ್ಲ. ಕೆಲವರಿಗೆ ಕೀಮೋ ಆದಮೇಲೆ ರಿಸೆಪ್ಟರೇ ಮಾಯವಾಗಿಬಿಡುತ್ತೆ, ಆಗ ಯೋಚನೆ. ನಿಮ್ಮದನ್ನ ಮತ್ತೆ ನೋಡಿಸಿದ್ದೀನಿ. ಹಾಗೇ ಇದೆ."

"ಅಂದ್ರೆ ಒಂದೇ ಉತ್ತರ ಅವಳ ಹಾಳೆಯಲ್ಲಿ ತಪ್ಪು, ನನ್ನ ಹಾಳೆಯಲ್ಲಿ ಸರಿ?"

"ಪ್ರಶ್ನೆಗಳೇ ಬೇರೆ ಮೇಡಂ."

"ಹಾಗಾದ್ರೆ ನನಗೆ ವಾಪಸ್ ಬರುತ್ತೋ ಇಲ್ವೋ?"

"ನಿಮ್ಮಂಥ ನೂರು ಜನರಲ್ಲಿ ಎಷ್ಟು ಜನಕ್ಕೆ ಬರುತ್ತೆ ಅಂತ ಹೇಳಬಲ್ಲೆ. ಆ ನೂರರಲ್ಲಿ ನೀವು ಯಾರು ಅಂತ ಹೇಳೋಕಾಗಲ್ಲ."

ಮೇಡಂ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಸರಾಸರಿ ಮತ್ತು ಸಂಭವನೀಯತೆ ಕಲಿಸಿದ್ದರು. ಚೀಲದಿಂದ ಕೆಂಪು ಚೆಂಡು, ನೀಲಿ ಚೆಂಡು ತೆಗೆಸಿ ತೆಗೆಸಿ ಬೋರ್ಡು ತುಂಬಿಸಿದ್ದರು. ಚೀಲದ ಒಳಗೆ ಕೂತ ಚೆಂಡಿಗೆ ಹೇಗಿರುತ್ತದೆಂದು ಯಾವ ಮಗುವೂ ಅವರನ್ನು ಕೇಳಿರಲಿಲ್ಲ.

ವಿಕಿರಣ ಚಿಕಿತ್ಸೆ ಮುಗಿದ ಮೇಲೆ ಮಾತ್ರೆ ಬಂತು. ಸಣ್ಣದು, ಬಿಳಿಯದು, ತೊಗರಿಬೇಳೆಯಷ್ಟು. ದಿನಕ್ಕೊಂದು, ವರ್ಷಗಟ್ಟಲೆ. ಹಾರ್ಮೋನಿನ ಊಟ ನಿಲ್ಲಿಸುವ ಮಾತ್ರೆ. ಇಷ್ಟು ದಿನ ಫಿರಂಗಿ ಹೊಡೆದರೂ ಬೀಳದ್ದು ಈ ಬೇಳೆಗೆ ಬೀಳುತ್ತದೆಯೇ ಎಂದು ಅವರಿಗೆ ಅವಮಾನವಾಯಿತು. ಓಟದಲ್ಲಿ ಬಿದ್ದ ಮಗುವಿಗೆ ಅಳಬೇಡವೆಂದು ಕೊಡುವ ಪೆಪ್ಪರಮಿಂಟಿನ ಹಾಗೆ ಕಂಡಿತು.

ನೋಡಲು ಬಂದ ನಂಟರಿಷ್ಟರು ಇನ್ನಷ್ಟು ಉರಿ ಹಚ್ಚಿದರು. ಅವರು ಮೊದಲು ಮಹಡಿಗೆ ಹತ್ತುವರು. ಅಲ್ಲಿ ನಗು, ಗಲಾಟೆ, ಹೊಸ ಕೂದಲು ಮುಟ್ಟಿ ನೋಡುವುದು. ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ನಿಂತು ಮುಖವನ್ನು ಸಪ್ಪಗೆ ಮಾಡಿಕೊಂಡು ಇವರ ಬಾಗಿಲು ತಟ್ಟುವರು. "ನೀವು ಅಷ್ಟೆಲ್ಲಾ ಕಟ್ಟುನಿಟ್ಟಾಗಿದ್ರಿ," ಎಂದು ನಾದಿನಿ ಕಣ್ಣೊರಸಿಕೊಂಡಳು. "ಅವಳು ನೋಡಿದ್ರೆ ಚಿಪ್ಸ್ ತಿನ್ಕೊಂಡೇ ವಾಸಿ ಮಾಡ್ಕೊಂಡ್ಲು."

ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೆ ಕೀಲುಕೀಲು ಹಿಡಿದುಕೊಳ್ಳತೊಡಗಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಮಂಡಿ ಕಿರುಗುಟ್ಟುವುದು. ಮೈಯಿಂದ ಇದ್ದಕ್ಕಿದ್ದಂತೆ ಬಿಸಿ ಏಳುವುದು. ಮೇಡಂ ಒಂದು ದಿನ ಮಾತ್ರೆ ಬಿಟ್ಟರು. ಮರುದಿನವೂ ಬಿಟ್ಟರು, ಆಮೇಲೆ ಮುಟ್ಟಲೇ ಇಲ್ಲ. ಜೀವಮಾನವೆಲ್ಲ ನಿಯಮ ಪಾಲಿಸಿ ಸಿಕ್ಕಿದ್ದೇನು ಎಂದು ಕೇಳಿಕೊಂಡರು. ಗಂಡ ಕೇಳಿದಾಗ, ತಗೊಂಡೆ ಎಂದು ಸಲೀಸಾಗಿ ಸುಳ್ಳು ಹೇಳಿದರು. ಆಶ್ಚರ್ಯವೆಂದರೆ ಆ ಸುಳ್ಳು ಅವರಿಗೆ ತುಸು ಹುಮ್ಮಸ್ಸನ್ನೇ ಕೊಟ್ಟಿತು.

ಸುಳ್ಳು ಬಯಲಾದದ್ದು ಔಷಧಿ ಅಂಗಡಿಯಲ್ಲಿ. ಕೀಮೋ ಆದಮೇಲೆ ವಾರಗಿತ್ತಿಯ ಬೆರಳ ತುದಿಗಳಿಗೆ ಜೋಮು ಹಿಡಿದು, ಬಟ್ಟೆಯ ನಯ ತಿಳಿಯುತ್ತಿರಲಿಲ್ಲ. ಅದಕ್ಕೇನಾದರೂ ಹಚ್ಚಲು ಇದೆಯೇ ಎಂದು ಕೇಳಲು ಹೋದಾಗ ಅಂಗಡಿಯವನು ತಾನಾಗಿಯೇ ಕೇಳಿದ: "ನಿಮ್ಮಕ್ಕ ಊರಲ್ಲಿಲ್ವಾ? ಬಹಳ ದಿನ ಆಯ್ತು, ಮಾತ್ರೆಗೆ ಯಾರೂ ಬಂದೇ ಇಲ್ಲ."

ಮಧ್ಯಾಹ್ನ ಅವಳು ಕೆಳಗಿನ ಬಾಗಿಲು ತಟ್ಟದೆ ಒಳಗೆ ಬಂದಳು. ಮದುವೆಯಾಗಿ ಬಂದ ಹೊಸತರಲ್ಲಿ ಬಿಟ್ಟರೆ ಹಾಗೆ ಬಂದದ್ದಿಲ್ಲ. ಮೇಡಂ ಮೇಜಿನ ಬಳಿ ಕೂತು ಬೆರಳು ತಿಕ್ಕಿಕೊಳ್ಳುತ್ತಿದ್ದರು.

"ಮಾತ್ರೆ ಯಾಕೆ ನಿಲ್ಲಿಸಿದ್ರಿ?"

"ಯಾರು ಹೇಳಿದ್ದು?"

"ಯಾರು ಹೇಳಿದ್ರೇನು? ಹೌದೋ ಅಲ್ವೋ?"

"ನೋವು ಬರುತ್ತೆ," ಎಂದರು ಮೇಡಂ. ಅದು ಅರ್ಧ ಸತ್ಯ ಎಂದು ತಮಗೇ ಅನ್ನಿಸಿ, "ಅಷ್ಟು ದೊಡ್ಡ ಕೀಮೋಗೇ ಹೋಗದ್ದು ಇದಕ್ಕೆ ಹೋಗುತ್ತಾ? ಸುಮ್ಮನೆ ಸಮಾಧಾನಕ್ಕೆ ಕೊಟ್ಟಿದ್ದಾರೆ. ನಿನಗೇನು, ನಿಂದು ಪೂರ್ತಿ ಹೋಯ್ತು. ಹೋಗು, ಮೇಲೆ ಹೋಗಿ ನಗು," ಎಂದರು.

ವಾರಗಿತ್ತಿ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿ ಎತ್ತಿ ಅಲುಗಿಸಿ ನೋಡಿದಳು. ಜಗಳಕ್ಕೆ ಮೈಯೆಲ್ಲ ಅಣಿಮಾಡಿಕೊಂಡಿದ್ದ ಮೇಡಮ್ಮಿಗೆ ಆ ಸದ್ದು ಕಸಿವಿಸಿ ಮಾಡಿತು.

"ನನಗೆ ನುಂಗೋಕೆ ಏನೂ ಇಲ್ಲ ಅಕ್ಕ," ಎಂದಳು. "ಏನೂ ಇಲ್ಲ. ಮುಗೀತು, ಮನೆಗೆ ಹೋಗಿ ಅಂದುಬಿಟ್ರು. ಬೆಳಿಗ್ಗೆ ಎದ್ದು ಮಾಡೋಕೆ ಒಂದು ಕೆಲಸ ಇಲ್ಲ. ಸುಮ್ಮನೆ ಕಾಯೋದು. ತಲೆನೋವು ಬಂದ್ರೆ ತಲೆಗೆ ಬಂತು ಅನ್ಸುತ್ತೆ, ಕೆಮ್ಮು ಬಂದ್ರೆ ಎದೆಗೆ ಬಂತು ಅನ್ಸುತ್ತೆ. ನಿಮ್ಮ ಮೈದುನರಿಗೆ ಹೇಳಿದ್ರೆ ನಿಂದು ಪೂರ್ತಿ ಹೋಗಿದೆಯಲ್ಲೇ ಅಂತ ನಗ್ತಾರೆ. ಬಂದೋರೆಲ್ಲ ನಗ್ತಾರೆ, ನಾನೂ ನಗ್ತೀನಿ. ನಿಮಗೆ ದಿನಾ ಒಂದು ಮಾತ್ರೆ ಇದೆ. ನುಂಗಿದ್ರೆ ಇವತ್ತಿಂದು ಮಾಡಿದೆ ಅಂತಾದ್ರೂ ಆಗುತ್ತೆ. ಅದನ್ನ ಡಬ್ಬೀಲಿ ಕೊಳೆಸ್ತಿದ್ದೀರಲ್ಲ, ನಿಮಗೆ ಏನು ಹೇಳಲಿ?"

ಮೇಡಂ ಅವಳ ಮುಖವನ್ನೇ ನೋಡಿದರು. ಮೇಲಿಂದ ಕೇಳುತ್ತಿದ್ದ ನಗುವಿನಲ್ಲಿ ಎಷ್ಟು ಪಾಲು ಇವಳದು ಎಂದು ಅವರು ಎಂದೂ ಲೆಕ್ಕ ಹಾಕಿರಲಿಲ್ಲ. ಗೆದ್ದವಳು ತಮ್ಮ ಪೆಪ್ಪರಮಿಂಟಿಗೆ ಆಸೆಪಡುತ್ತಾಳೆಂದು ಯಾರಾದರೂ ಹೇಳಿದ್ದರೆ ನಂಬುತ್ತಲೂ ಇರಲಿಲ್ಲ.

"ನಿನ್ನನ್ನ ತಪಾಸಣೆಗೆ ಕಳಿಸಿದ್ದು ನಾನು," ಎಂದರು.

"ಗೊತ್ತು. ಅದನ್ನ ನನ್ನ ಬಾಯಿಂದ ಹೇಳಿಸಬೇಡಿ."

ಮರುದಿನ ಮೇಡಂ ಡಾಕ್ಟರಮ್ಮನ ಬಳಿ ತಾವಾಗಿಯೇ ಹೋಗಿ, ಮಾತ್ರೆ ಬಿಟ್ಟೆ ಎಂದು ಒಪ್ಪಿಕೊಂಡರು. ಬೈಗುಳ ನಿರೀಕ್ಷಿಸಿದ್ದರು, ಡಾಕ್ಟರಮ್ಮ ಬಹಳ ಜನ ಹೀಗೆಯೇ ಬಿಡುತ್ತಾರೆ ಎಂದು ಹೇಳಿ ಬೇರೆ ಮಾತ್ರೆ ಬರೆದುಕೊಟ್ಟರು. ಬಹಳ ಜನರಲ್ಲಿ ಒಬ್ಬರು ಎನ್ನಿಸಿಕೊಂಡದ್ದು ಮೇಡಮ್ಮಿಗೆ ಬೈಗುಳಕ್ಕಿಂತ ಚುಚ್ಚಿತು. ಮೂಳೆ ಗಟ್ಟಿಯಾಗಿರಲಿ ಎಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದರು. ಬಾಗಿಲ ತನಕ ಹೋದ ಮೇಡಂ ತಿರುಗಿ ಬಂದು ಕೇಳಿದರು: "ಈ ಕ್ಯಾಲ್ಸಿಯಂ ಬೇರೆ ಯಾರಾದ್ರೂ ತಗೊಂಡ್ರೆ ತೊಂದರೆ ಇದೆಯಾ?"

"ತೊಂದರೆ ಏನಿಲ್ಲ. ಕ್ಯಾನ್ಸರ್‌ಗೆ ಉಪಯೋಗಾನೂ ಇಲ್ಲ."

"ಸಾಕು," ಎಂದರು ಮೇಡಂ.

ಹೀಗೆ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ವಾರಗಿತ್ತಿ ಕೆಳಗೆ ಬರುವುದು ಶುರುವಾಯಿತು. ಮೇಡಂ ತಮ್ಮದನ್ನು ನುಂಗುವವರೆಗೆ ಅವಳು ಎದುರಿಗೆ ನಿಲ್ಲುವಳು. ಆಮೇಲೆ ಮೇಡಂ ಕ್ಯಾಲ್ಸಿಯಂ ಡಬ್ಬಿ ತೆರೆದು ಒಂದನ್ನು ಅವಳ ಅಂಗೈಗೆ ಹಾಕುವರು. ಆಧಾರವಿಲ್ಲದ ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದಿದ್ದ ಕೈ ಅದು. ಇದರಿಂದ ಏನೂ ಆಗುವುದಿಲ್ಲವೆಂದು ಮೇಡಮ್ಮಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳು ಅದನ್ನು ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಡುವೆ ಜಗಳವೂ ಆಗುತ್ತಿತ್ತು, ಈಗ ನೇರವಾಗಿ. ಮಧ್ಯಸ್ಥಿಕೆಯ ಕೆಲಸ ಹೋದ ಗಂಡಂದಿರು ಅಂಗಡಿಗೆ ಬೇಗ ಹೋಗತೊಡಗಿದರು.

ವರ್ಷಗಳು ಹೋದವು. ಕೂದಲು ಬೆಳೆದು, ಬೆಳೆದದ್ದು ಬೆಳ್ಳಗಾಯಿತು. ಒಂದು ಭೇಟಿಯಲ್ಲಿ ಡಾಕ್ಟರಮ್ಮ ವಾರಗಿತ್ತಿಗೆ ಹೇಳಿದರು: "ನಿಮ್ಮ ಥರದ್ದು ವಾಪಸ್ ಬರೋದಾದ್ರೆ ಸಾಮಾನ್ಯವಾಗಿ ಮೊದಮೊದಲ ವರ್ಷಗಳಲ್ಲೇ ಬರುತ್ತೆ. ಅದನ್ನ ದಾಟಿದ್ದೀರಿ. ಇನ್ನು ವರ್ಷಕ್ಕೊಂದು ಸಲ ಬಂದು ಮುಖ ತೋರಿಸಿ ಹೋಗಿ."

"ನಂದು?" ಎಂದರು ಮೇಡಂ.

"ಚೆನ್ನಾಗಿದ್ದೀರಿ. ಆದರೆ ನಿಮ್ಮದು ನಿಧಾನದ್ದು, ಬಹಳ ತಡವಾಗಿಯೂ ತಲೆ ಎತ್ತಬಹುದು. ಮಾತ್ರೆ ಇನ್ನೂ ಕೆಲವು ವರ್ಷ ನಡೀಲಿ." ಆಮೇಲೆ ಏನೋ ನೆನಪಾದಂತೆ ವಾರಗಿತ್ತಿಯ ಕಡೆ ತಿರುಗಿ, "ನೀವು ಆ ಕ್ಯಾಲ್ಸಿಯಂ ಇನ್ನು ನಿಲ್ಲಿಸಬಹುದು. ನಿಮ್ಮ ಮೂಳೆ ಗಟ್ಟಿಯಿದೆ, ಅದು ದಂಡ," ಎಂದರು.

ಹೊರಗೆ ಬಂದು ವಾರಗಿತ್ತಿ ಬೆಂಚಿನ ಮೇಲೆ ಕೂತು ಅತ್ತಳು. ದಾಟಿದ ಸಂತೋಷಕ್ಕೆಂದು ಮೈದುನ ತಿಳಿದ. ಮೇಡಂ ಪಕ್ಕದಲ್ಲಿ ಕೂತು ಕರವಸ್ತ್ರ ಕೊಟ್ಟರು.

ಮರುದಿನ ಬೆಳಿಗ್ಗೆ ಮೇಡಂ ಮಾತ್ರೆಯನ್ನು ಮುಂದಿಟ್ಟುಕೊಂಡು ಮೇಜಿನ ಬಳಿ ಕೂತರು. ಮೇಲೆ ಕಿಟಕಿ ತೆರೆದ ಸದ್ದಾಯಿತು, ಅವಳು ಯಾರೊಂದಿಗೋ ಫೋನಿನಲ್ಲಿ ಮಾತಾಡಿದ್ದೂ ಕೇಳಿಸಿತು. ಗಂಡ ಬಂದು ಇನ್ನೂ ನುಂಗಿಲ್ಲವೇ ಎಂದರು. ನೀರು ಆರಲಿ ಎಂದರು ಮೇಡಂ. ನೀರು ಆರಿ ಬಹಳ ಹೊತ್ತಾಗಿತ್ತು.

ಕೊನೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು.

"ನಿನಗೆ ಬೇಡ ಅಂದಿದ್ದಾರಲ್ಲ ಡಾಕ್ಟರು," ಎಂದರು ಮೇಡಂ, ಡಬ್ಬಿಯ ಮುಚ್ಚಳ ತಿರುಗಿಸುತ್ತಾ.

"ಅವರು ಹೇಳ್ತಾರೆ, ಅವರಿಗೇನು," ಎಂದು ವಾರಗಿತ್ತಿ ಅಂಗೈ ಚಾಚಿದಳು. "ನೀವು ಮೊದಲು ನಿಮ್ಮದು ನುಂಗಿ. ನನಗೆ ಹೊತ್ತಾಯ್ತು."